ಪಾಪಿ, ಕಾಕಾ ಮತ್ತು ಕೆಂಪು ಹೂಜಿ

12 ಜುಲೈ 2025, ಶನಿವಾರ, ಪುಣೆ

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಕೋಥ್ರೂಡ್‌ನಿಂದ ಪ್ರಭಾತ್ ರಸ್ತೆಗೆ ಬರೋಕೆ ಒಪ್ಪುವ ಆಟೋ ಸಿಗುವಾಗಲೇ ಹತ್ತೂ ಕಾಲು. ಕ್ಲಾಸು ಇರೋದು ಹತ್ತೂವರೆಗೆ. ಪುಟ್ಟನನ್ನ ಒಂದು ಕೈಯಲ್ಲಿ, ಛತ್ರಿ ಇನ್ನೊಂದು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಒಳಗೆ ಹೋಗಿ ಕೂತ ಮೇಲೆ ನೋಡಿದರೆ ಅವನ ಎಡಗಾಲಿನ ಹಳದಿ ಗಮ್‌ಬೂಟು ಇಲ್ಲ. ಆಟೋದಲ್ಲೇ ಹೋಯಿತು ಅಂದುಕೊಂಡೆ.

ಇದು ಎರಡರಿಂದ ಮೂರು ವರ್ಷದ ಮಕ್ಕಳಿಗೆ ಫ್ರೆಂಚ್ ಕ್ಲಾಸು. ಜೊತೆಗೆ ಅಪ್ಪನೋ ಅಮ್ಮನೋ ಕೂರಲೇಬೇಕು. ಮುಕ್ಕಾಲು ಗಂಟೆ, ಎಂಟು ಶನಿವಾರ. ಸೇರಿಸುವ ಉತ್ಸಾಹ ನಮ್ಮವರದ್ದು, ಚಕ್ಕಳಮಕ್ಕಳ ಹಾಕಿ ಕೂರುವ ಕೆಲಸ ನನ್ನದು. ಮನೆಯಲ್ಲಿ ನನ್ನ ಧಾರವಾಡದ ಕನ್ನಡ, ಅವರ ಮೈಸೂರು ಕನ್ನಡ, ಕೆಳಗೆ ಆಡೋ ಮಕ್ಕಳದ್ದು ಮರಾಠಿ. ಇನ್ನೂ ಒಂದು ಯಾಕೆ ಅಂತ ನಾನು ಕೇಳಿದ್ದೆ. ಚಿಕ್ಕವರಿದ್ದಾಗ ಕಿವಿ ಚುರುಕಾಗಿರುತ್ತೆ ಅಂದರು. ಅಂದು ಸುಮ್ಮನಾಗಲಿಲ್ಲ, ಮೊದಲ ವಾರವೇ ರಾತ್ರಿ ಊಟದ ಹೊತ್ತಿಗೆ ಯೂಟ್ಯೂಬಿನಲ್ಲಿ ಫ್ರೆಂಚ್ ಕಾರ್ಟೂನ್ ಶುರು ಮಾಡಿದರು.

ಅದನ್ನ ನಿಲ್ಲಿಸೋಕೆ ನಾನು ಅವರದ್ದೇ ದಾರಿ ಹಿಡಿದೆ, ಸಂಶೋಧನೆ ಹುಡುಕಿದೆ. 2003ರಲ್ಲಿ ಅಮೆರಿಕದ ಪೆಟ್ರಿಷಿಯಾ ಕೂಲ್ ಮತ್ತು ಅವರ ಜೊತೆಯವರು ಒಂದು ಪ್ರಯೋಗದ ಬಗ್ಗೆ ಬರೆದಿದ್ದಾರೆ. ಇಂಗ್ಲಿಷ್ ಮಾತಾಡೋ ಮನೆಗಳ 9 ತಿಂಗಳ ಕೂಸುಗಳ ಎದುರು ಚೀನಿ ಭಾಷೆಯವರು ಕೂತು ಪುಸ್ತಕ ಓದಿದರು, ಗೊಂಬೆ ಆಡಿಸಿದರು, ಒಟ್ಟು 12 ಸಲ. ಆ ಕೂಸುಗಳು ಆ ಭಾಷೆಯ ಸದ್ದಿನ ವ್ಯತ್ಯಾಸ ಹಿಡಿದವು. ಅದೇ ಮಾತನ್ನ ಟಿವಿಯಲ್ಲಿ ನೋಡಿದ ಕೂಸುಗಳಿಗೆ ಏನೂ ಹತ್ತಲಿಲ್ಲ. ಇದನ್ನ ಓದಿ ಹೇಳಿದ ಮೇಲೆ ಕಾರ್ಟೂನ್ ಬಂದ್ ಆಯಿತು. ಆದರೆ ಎದುರು ಕೂತು ಆಡಿಸೋ ಮನುಷ್ಯರೇ ಬೇಕು ಅಂತ ಆಯಿತಲ್ಲ, ಹಾಗಾಗಿ ಶನಿವಾರದ ಕ್ಲಾಸು ನನ್ನ ಕೊರಳಿಗೇ ಬಿತ್ತು.

ಇವತ್ತು ಯಾವಾಗಲೂ ಬರುವ ಮರಾಠಿ ಟೀಚರ್ ರಜೆ. ಬದಲಿಗೆ ಒಬ್ಬ ಫ್ರೆಂಚ್ ಹುಡುಗಿ, ಪುಣೆಗೆ ಬಂದು ಇನ್ನೂ ತಿಂಗಳಾಗಿಲ್ಲವಂತೆ. ನಾಡಿದ್ದು ಜುಲೈ 14, ಅವರ ರಾಷ್ಟ್ರೀಯ ದಿನ. ಅದಕ್ಕೆ ಬಾವುಟಕ್ಕೆ ಬಣ್ಣ ಹಚ್ಚೋ ಕೆಲಸ. ನೀಲಿ ಬ್ಲ, ಬಿಳಿ ಬ್ಲಾಂ, ಕೆಂಪು ರೂಜ್. ಹೇಳೋಕೆ ಸುಲಭ ಅನಿಸುತ್ತೆ. ಅವರ ರಕಾರ ನಮ್ಮ ಹಾಗೆ ನಾಲಿಗೆ ತುದಿಯಲ್ಲಿ ಹುಟ್ಟಲ್ಲ, ಗಂಟಲಲ್ಲಿ ಬಾಯಿ ಮುಕ್ಕಳಿಸಿದ ಹಾಗೆ ಬರಬೇಕು. ನಾವು ಎಂಟು ಜನ ಅಪ್ಪ ಅಮ್ಮಂದಿರು ಕಫ ಕಟ್ಟಿದವರ ಹಾಗೆ ಖರ್ ಖರ್ ಅಂದೆವು. ಪುಟ್ಟನಿಗೆ ಕನ್ನಡದ ರ ಇನ್ನೂ ಬಂದಿಲ್ಲ, ರೊಟ್ಟಿಗೆ ಲೊಟ್ಟಿ ಅಂತಾನೆ. ಅಂಥವನು ಟೀಚರ್ ಬಾಯಿ ನೋಡುತ್ತಾ ಮೆಲ್ಲಗೆ "ಹೂಜ್" ಅಂದ. ಟೀಚರ್‌ಗೆ ಬಹಳ ಖುಷಿ. ನನ್ನದನ್ನ ಕೇಳಿ ಮಾತ್ರ ನಕ್ಕು ಮುಂದಿನವರ ಕಡೆ ಹೋದಳು.

ವಸ್ತುಗಳಿಗೆಲ್ಲ ಗಂಡು ಹೆಣ್ಣು ಇರೋದು ಇನ್ನೊಂದು ತಲೆನೋವು. ನಮಗೆ ಎಲ್ಲವೂ ಅದು, ಆಯಿತಲ್ಲ. ಮರಾಠಿಯಲ್ಲಿ ಯಾವುದಕ್ಕೆ ತೋ, ಯಾವುದಕ್ಕೆ ತೀ ಅಂತ ತಿಳಿಯೋಕೇ ನನಗೆ ಆರು ವರ್ಷ ಹಿಡಿಯಿತು, ತರಕಾರಿ ಮಾವಶಿ ಈಗಲೂ ತಿದ್ದುತ್ತಾಳೆ. ಮರಾಠಿಯಲ್ಲಿ ಖುರ್ಚಿ ಹೆಣ್ಣು, ಫ್ರೆಂಚಿನಲ್ಲೂ ಹೆಣ್ಣೇ, ಅಷ್ಟು ಸಮಾಧಾನ. ಮರಾಠಿಯಲ್ಲಿ ನಪುಂಸಕವಾಗಿದ್ದ ಪುಸ್ತಕ ಮಾತ್ರ ಇಲ್ಲಿ ಗಂಡಾಗಿಬಿಟ್ಟಿದೆ.

ಪಕ್ಕದಲ್ಲಿದ್ದ ಒಬ್ಬ ಅಮ್ಮ ದೆಲ್ಫ್ ಅನ್ನೋ ಫ್ರೆಂಚ್ ಭಾಷೆಯ ಪರೀಕ್ಷೆ ಯಾವಾಗ ಕಟ್ಟಿಸಬಹುದು ಅಂತ ಕೇಳಿದಳು. ಮಕ್ಕಳ ದೆಲ್ಫ್ ಇರೋದೇ 7 ವರ್ಷದ ಮೇಲಿನವರಿಗೆ ಅಂತ ಟೀಚರ್ ಹೇಳಿದಳು. ಆ ಅಮ್ಮ ಅದನ್ನ ಬರೆದುಕೊಂಡಳು. ಅವಳ ಮಗಳು ಆಗ ನೀಲಿ ಬಣ್ಣ ನೆಕ್ಕುತ್ತಿದ್ದಳು.

ಆಮೇಲೆ ನಡೆದದ್ದು ನೆನೆಸಿಕೊಂಡರೆ ಈಗಲೂ ನಗು ಬರುತ್ತೆ. ಬಾಗಿಲಲ್ಲಿ ಆ ಬಿಲ್ಡಿಂಗಿನ ವಾಚ್‌ಮನ್, ವಯಸ್ಸಾದವರು, ಕೈಯಲ್ಲಿ ಹಳದಿ ಗಮ್‌ಬೂಟು ಹಿಡಿದು ನಿಂತಿದ್ದರು. ಗೇಟಿನ ಹತ್ತಿರ ಬಿದ್ದಿತ್ತಂತೆ. ಪುಟ್ಟ ಎದ್ದು ಕುಣಿದು "ಕಾಕಾ! ಕಾಕಾ!" ಅಂತ ಕೂಗಿದ. ಪುಣೆಯಲ್ಲಿ ವಯಸ್ಸಾದ ಗಂಡಸರೆಲ್ಲ ಕಾಕಾ ತಾನೆ, ಧಾರವಾಡದಲ್ಲೂ ಅಪ್ಪನ ತಮ್ಮ ಕಾಕಾನೇ. ಟೀಚರ್ ಮುಖ ಒಂದೇ ಸಲ ಬದಲಾಯಿತು. ಬಣ್ಣದ ಬಟ್ಟಲು ಕೆಳಗಿಟ್ಟು, ಅವನನ್ನ ಕಂಕುಳಲ್ಲಿ ಎತ್ತಿಕೊಂಡು ಟಾಯ್ಲೆಟ್ ಕಡೆ ಓಡಿದಳು. ನಾನು ಹಿಂದೆ, ನನ್ನ ಹಿಂದೆ ಬೂಟು ಹಿಡಿದ ಕಾಕಾ. ಪುಟ್ಟ ಅವಳ ಹೆಗಲ ಮೇಲಿಂದ ಅವರನ್ನೇ ನೋಡುತ್ತಾ ಇನ್ನೂ ಜೋರಾಗಿ ಕಾಕಾ ಕಾಕಾ. ಕೂಗಿದಷ್ಟೂ ಅವಳು ಜಾಸ್ತಿ ಓಡಿದಳು. ಫ್ರೆಂಚ್ ಮಕ್ಕಳು ಕಕ್ಕಸಿಗೆ ಬಂದರೆ ಹೇಳೋದು ಕಾಕಾ ಅಂತ!

ವಿಷಯ ತಿಳಿದ ಮೇಲೆ ಅವಳು ನೆಲದ ಮೇಲೆ ಕೂತು ಕಣ್ಣೀರು ಬರೋ ಹಾಗೆ ನಕ್ಕಳು. ಬಾವುಟ ಅಲ್ಲಿಗೇ ಬಿಟ್ಟು, ಸರಿ, ಇವತ್ತು ಮಕ್ಕಳ ಮಾತೇ ಹೇಳಿಕೊಡ್ತೀನಿ ಅಂದಳು. ನಾಲ್ಕು ಶನಿವಾರಗಳಲ್ಲಿ ನನಗೆ ನಿಜವಾಗಿ ತಲೆಗೆ ಹೋದದ್ದು ಈ ಕೊನೆಯ ಹತ್ತು ನಿಮಿಷವೇ. ನಮ್ಮ ತಾಚಿಗೆ ಅವರದ್ದು ದೋದೋ. ಪೆಟ್ಟಾದರೆ ನಾವು ಅಬ್ಬು ಅಂತೀವಿ, ಅವರು ಬೋಬೋ. ಮಲಗುವಾಗ ಬಿಡದೆ ಹಿಡಿದುಕೊಳ್ಳೋ ಗೊಂಬೆನೋ ಬಟ್ಟೆತುಂಡೋ ಅದು ದೂದೂ. ಪುಟ್ಟನಿಗೆ ನನ್ನ ಹಳೇ ಕಾಟನ್ ದುಪಟ್ಟಾ ಇದೆ, ಇಷ್ಟು ದಿನ ಅದಕ್ಕೊಂದು ಹೆಸರಿರಲಿಲ್ಲ, ಈಗ ಸಿಕ್ಕಿತು. ಚಿಕ್ಕಮ್ಮ, ಅತ್ತೆ ಎಲ್ಲರೂ ತಾತಾ. ಅವರ ತಕಾರ ನಮ್ಮದರ ಹಾಗೆ ಹಲ್ಲಿಗೇ ತಾಗುತ್ತೆ, ಹಾಗಾಗಿ ಕೇಳೋಕೆ ಥೇಟ್ ನಮ್ಮ ತಾತ. ಅಜ್ಜನಿಗೆ ಏನಂತಾರೆ ಅಂದರೆ ಪಾಪಿ. ನಾನು ಎರಡು ಸಲ ಕೇಳಿದೆ. ಪಾಪಿನೇ.

ಸಂಜೆ ಧಾರವಾಡಕ್ಕೆ ವಿಡಿಯೋ ಕಾಲ್. ಪುಟ್ಟ ಅರ್ಧ ಬಣ್ಣ ಹಚ್ಚಿದ ಬಾವುಟ ಫೋನಿಗೆ ಒತ್ತಿ ಹಿಡಿದು "ಹೂಜ್, ಹೂಜ್" ಅಂದ. ಅವ್ವನಿಗೆ ಅದು ಕೇಳಿದ್ದು ಹೂಜಿ. "ಹೂಂ ಮತ್ತ, ಹೂಜಿ ಕೆಂಪೇ ಇರ್ತದಲ್ಲ" ಅಂದಳು, ಎದ್ದು ಹೋಗಿ ಅಡುಗೆಮನೆಯ ಮಣ್ಣಿನ ಹೂಜಿ ತಂದೂ ತೋರಿಸಿದಳು. ನಾನು ತಿದ್ದಲಿಲ್ಲ. ಅಷ್ಟರಲ್ಲಿ ಅಪ್ಪ ಪರದೆಯೊಳಗೆ ಮುಖ ತೂರಿಸಿದರು. ಇವನು ಅವರನ್ನೇ ನೋಡಿ, ರಾಗವಾಗಿ, "ಪಾಪೀ!"

ಅಪ್ಪ ಕನ್ನಡಕ ಸರಿ ಮಾಡಿಕೊಂಡರು. "ಯಪ್ಪಾ, ನಾ ಅಂಥಾ ಏನ್ ಪಾಪ ಮಾಡೇನೋ?"

ಹಿಂದಿನಿಂದ ಅವ್ವ, ಹೂಜಿ ಇನ್ನೂ ಕೈಯಲ್ಲೇ ಇತ್ತು: "ಕೂಸಿಗೂ ಗೊತ್ತಾತ್ ನೋಡ್ರಿ ನಿಮ್ಮ ಸುದ್ದಿ."

ಮೈಸೂರಿಗೆ ಫೋನ್ ನಾಳೆ. ಫ್ರೆಂಚಿನಲ್ಲಿ ತಾತ ಅಂದರೆ ಅತ್ತೆ ಅಂತ ಮಾವನವರಿಗೆ ವಿವರಿಸೋದು ನಮ್ಮವರ ಪಾಲಿಗೆ ಬಿಟ್ಟಿದ್ದೀನಿ.