ಕೆಂಪಿಯ ಬೆನ್ನಿನ ಮೂಳೆ

14 ಸೆಪ್ಟೆಂಬರ್ 2024, ಶನಿವಾರ

ಇಂದು ಬೆಳಿಗ್ಗೆ ಮೇವು ಹಾಕುವ ಮೊದಲೇ ಟೇಪು ಹಿಡಿದು ನಮ್ಮ ಮೇಕೆ ಕೆಂಪಿಯ ಎದೆಯ ಸುತ್ತಳತೆ ತೆಗೆದೆ. 27 ಇಂಚು ಬಂದಿತು. ಐದು ವಾರಗಳ ಹಿಂದೆ ಅದು 26 ಇತ್ತು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮೈಯುದ್ದದ 27 ಇಂಚಿನಿಂದ ಮತ್ತೊಮ್ಮೆ ಗುಣಿಸಿ 660ರಿಂದ ಭಾಗಿಸಿದರೆ ತೂಕ ಅಂದಾಜಿಗೆ ಸಿಗುತ್ತದೆ. ಆ ಲೆಕ್ಕದಂತೆ ಅದು 27.7 ಕಿಲೋದಿಂದ 29.8 ಕಿಲೋಗೆ ಬಂದಿದೆ.

ಜಮುನಾಪಾರಿ ತಳಿಯ ಬೆರಕೆಯಾದ ಈ ಮೇಕೆ ಜುಲೈ 14ರಂದು ಮೂರು ಮರಿ ಈಯಿತು. ಮಳೆಗೆ ಹುಲ್ಲು ಹುಲುಸಾಗಿ ಬೆಳೆದಿದ್ದರಿಂದ ಸಂಜೆ ಅದು ಗಡಿಗೆಯಂತಹ ಹೊಟ್ಟೆ ಹೊತ್ತುಕೊಂಡೇ ದೊಡ್ಡಿಗೆ ಮರಳುತ್ತಿತ್ತು. ಸೊರಗುತ್ತಿದೆ ಎಂಬ ಅನುಮಾನ ನನಗೆ ಬರಲೇ ಇಲ್ಲ. ಆಗಸ್ಟ್ 11ರಂದು ಉಣ್ಣೆ ಹುಳು ಹುಡುಕಲೆಂದು ಸೊಂಟದ ಮೇಲೆ ಕೈಯಾಡಿಸಿದಾಗ ಬೆನ್ನುಮೂಳೆಯ ಮೊನೆಗಳು ಒಂದೊಂದಾಗಿ ಬೆರಳಿಗೆ ಚುಚ್ಚಿದವು. ಅವುಗಳ ಅಡ್ಡ ಚಾಚುಗಳ ಕೆಳಗೂ ಬೆರಳು ಸಲೀಸಾಗಿ ತೂರಿತು. ಕೆಳರೆಪ್ಪೆಯನ್ನು ಎಳೆದು ನೋಡಿದರೆ ಒಳಭಾಗ ಕೆಂಪಾಗಿರದೆ ಬಿಳಿಚಿಕೊಂಡಿತ್ತು. "ಮೂರು ಮರಿ ಹೀರಿದ್ರೆ ಮೈ ಎಲ್ಲಿ ಉಳಿಯುತ್ತೆ, ಸುಮ್ಮನಿರೋ" ಎಂದರು ಅಮ್ಮ. ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಈದ ನಾಲ್ಕರಿಂದ ಎಂಟು ವಾರದೊಳಗೆ ಹಾಲು ಗರಿಷ್ಠ ಮಟ್ಟಕ್ಕೇರುತ್ತದೆ, ತಿನ್ನುವ ಶಕ್ತಿ ಅಷ್ಟೇ ಬೇಗ ಏರುವುದಿಲ್ಲ. ನಡುವಿನ ಕೊರತೆಯನ್ನು ಮೇಕೆ ತನ್ನ ಕೊಬ್ಬನ್ನೇ ಕರಗಿಸಿ ತುಂಬಿಕೊಳ್ಳುತ್ತದೆ. ಆದರೆ ಬಿಳಿಚಿದ ರೆಪ್ಪೆಗೆ ಹಾಲು ಕಾರಣವಲ್ಲ. ಪಶು ಆಸ್ಪತ್ರೆಗೆ ಹಿಕ್ಕೆ ಕೊಂಡೊಯ್ದು ಪರೀಕ್ಷಿಸಿದಾಗ ರಕ್ತ ಹೀರುವ ಜಂತುಹುಳುವಿನ ಮೊಟ್ಟೆಗಳು ಧಾರಾಳವಾಗಿ ಕಂಡವು. ಔಷಧವನ್ನು ಕಣ್ಣಂದಾಜಿನಲ್ಲಿ ಕೊಡದೆ ತೂಕ ನೋಡಿಯೇ ಕೊಡಬೇಕೆಂದೂ, ಕಡಿಮೆ ಕೊಟ್ಟರೆ ಹುಳು ಸಾಯದೆ ಔಷಧಕ್ಕೆ ಒಗ್ಗಿಹೋಗುತ್ತದೆಂದೂ ವೈದ್ಯರು ಎಚ್ಚರಿಸಿದರು.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಬೇಗ ಮೈ ತುಂಬಲೆಂಬ ಆತುರದಲ್ಲಿ ಅಂದೇ ರಾತ್ರಿ ಒಂದು ಬೋಗುಣಿ ಅಕ್ಕಿ ನುಚ್ಚಿನ ಗಂಜಿ ಕುಡಿಸಿಬಿಟ್ಟೆ. ಮರುದಿನ ಮೆಲುಕು ನಿಂತು, ಹಿಕ್ಕೆ ನೀರಾಗಿ, ಮೇಕೆ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿತ್ತು. ಅಭ್ಯಾಸವಿಲ್ಲದ ಹೊಟ್ಟೆಗೆ ಪಿಷ್ಟ ಒಮ್ಮೆಲೇ ಬಿದ್ದರೆ ಹುಳಿಯಾಗುತ್ತದೆಂದು ಓದಿದ್ದೆ. ಓದಿದ್ದು ಆ ಹೊತ್ತಿಗೆ ನೆನಪಾಗಬೇಕಲ್ಲ! ಎರಡು ದಿನ ಒಣಮೇವು ಮಾತ್ರ ಹಾಕಿ, ಮೆಲುಕು ಮರಳಿದ ಮೇಲೆ ಜೋಳದ ನುಚ್ಚು, ಕಡಲೆಕಾಯಿ ಹಿಂಡಿ, ಗೋಧಿ ಬೂಸಾ ಬೆರೆಸಿದ ತಿಂಡಿಯನ್ನು ದಿನಕ್ಕೆ 100 ಗ್ರಾಂನಿಂದ ಆರಂಭಿಸಿ, ಎರಡು ವಾರಗಳಲ್ಲಿ 400 ಗ್ರಾಂಗೆ ಏರಿಸಿದೆ. ಅದನ್ನು ಬೆಳಿಗ್ಗೆ ಸಂಜೆ ಎರಡು ಪಾಲು ಮಾಡಿ, ಚಿಟಿಕೆ ಉಪ್ಪು ಮತ್ತು ಖನಿಜ ಮಿಶ್ರಣ ಸೇರಿಸಿ ಕೊಡುತ್ತಿದ್ದೇನೆ.

ನನ್ನನ್ನು ನಿಜವಾಗಿ ಮೋಸಗೊಳಿಸಿದ್ದು ಆ ತುಂಬಿದ ಹೊಟ್ಟೆ. ಎಳೆಯ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ ಇರುತ್ತದೆ. ಐದು ಕಿಲೋ ಮೇಯ್ದರೂ ಒಳಗೆ ಹೋಗುವ ಒಣಾಂಶ ಒಂದು ಕಿಲೋ. ಹಾಲೂಡಿಸುವ ಈ ಗಾತ್ರದ ಮೇಕೆಗೆ ಅದಕ್ಕಿಂತ ಹೆಚ್ಚೇ ಬೇಕು. ಈಗ ಇಬ್ಬನಿ ಆರುವವರೆಗೆ ಅದನ್ನು ಹೊರಗೆ ಬಿಡುವುದಿಲ್ಲ, ಏಕೆಂದರೆ ಹುಳುವಿನ ಮರಿಗಳು ಒದ್ದೆ ಹುಲ್ಲಿನ ಎಸಳನ್ನು ಹತ್ತಿ ಕುಳಿತಿರುತ್ತವೆ. ಅಷ್ಟು ಹೊತ್ತು ತೊಗರಿ ಹೊಟ್ಟನ್ನೂ ಎತ್ತರದಲ್ಲಿ ಕಟ್ಟಿದ ಅಗಸೆ ಸೊಪ್ಪನ್ನೂ ತಿನ್ನುತ್ತದೆ.

ಮರಿಗಳಿಗೆ ಎರಡು ತಿಂಗಳು ತುಂಬಿದೆ, ಸೊಪ್ಪು ಚೆನ್ನಾಗಿಯೇ ಕಡಿಯುತ್ತವೆ. ಹಾಗಾಗಿ ಮೊನ್ನೆಯಿಂದ ರಾತ್ರಿ ಅವನ್ನು ಬಿದಿರ ತಡಿಕೆಯಾಚೆ ಕೂಡಿಹಾಕುತ್ತಿದ್ದೇನೆ. ಮೊದಲ ರಾತ್ರಿ ಅವುಗಳ ಅರಚಾಟಕ್ಕೆ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಸೊಂಟದ ಮೂಳೆ ಈಗಲೂ ಕೈಗೆ ಸಿಗುತ್ತದೆ, ಆದರೆ ಚುಚ್ಚುವುದಿಲ್ಲ. ರೆಪ್ಪೆಗೆ ನಸುಗೆಂಪು ಬಂದಿದೆ. ಸೋಮವಾರ ಮತ್ತೆ ಹಿಕ್ಕೆ ಪರೀಕ್ಷೆ ಮಾಡಿಸಬೇಕು. ಮೂರನೆಯ ಮರಿ ನುಸುಳುವಷ್ಟು ಸಂದು ತಡಿಕೆಯಲ್ಲಿ ಉಳಿದಿದೆ, ಅದನ್ನು ಇಂದೇ ಮುಚ್ಚಬೇಕು.