ಗದಗಿನ ಲ್ಯಾಬ್‌ನಲ್ಲಿ ಐಐಟಿಯ ಪಾಠ

ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯಾದ 'ಸ್ವಯಂ'ನ ಜುಲೈ ಅವಧಿಯ ಕೋರ್ಸುಗಳಿಗೆ ಪ್ರವೇಶ ತೆರೆದಾಗಲೆಲ್ಲ, ಗದಗಿನ ನಮ್ಮ ಪದವಿ ಕಾಲೇಜಿನ ಮಕ್ಕಳಿಗೆ ಸೇರಿಕೊಳ್ಳಿರೆಂದು ಒತ್ತಾಯಿಸುವವನು ನಾನೇ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಎಂಬ ವಿಡಿಯೋ ಪಾಠಗಳ ಯೋಜನೆಯ ಪಾಠಗಳು, 2017ರಲ್ಲಿ ಬಂದ ಸ್ವಯಂ ಮೂಲಕ ರೋಣ, ಮುಂಡರಗಿ ಕಡೆಯ ಹಳ್ಳಿಗಳ ಮೊಬೈಲುಗಳನ್ನೂ ತಲುಪುತ್ತಿರುವುದು ಸಣ್ಣ ಮಾತಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸಿ ಡೇಟಾ ಸ್ಟ್ರಕ್ಚರ್ (ಕಂಪ್ಯೂಟರಿನಲ್ಲಿ ಮಾಹಿತಿ ಜೋಡಿಸಿಡುವ ಬಗೆ) ಕಲಿಸುವ, ಚೆನ್ನೈ ಗಣಿತ ಸಂಸ್ಥೆಯ ಮಾಧವನ್ ಮುಕುಂದ್ ಅವರ ಎಂಟು ವಾರಗಳ ಕೋರ್ಸನ್ನು ನಾನೂ ನೋಡಿದ್ದೇನೆ. ಅಂಥವರ ಪಾಠ ಕೇಳುವ ಭಾಗ್ಯ ನಾವು ಓದುವಾಗ ದೊಡ್ಡ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ ಮಾತ್ರ ಇತ್ತು. ಈಗ ಪಾಠ ಉಚಿತ. ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು.

ಸೇರಿದವರಲ್ಲಿ ಮುಗಿಸುವವರು ಕಡಿಮೆ. ಇದು ನಮ್ಮ ಭಾಗದ ಮಕ್ಕಳ ಕೊರತೆಯಲ್ಲ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ತಮ್ಮ ಮೊದಲ ವರ್ಷದ ಮುಕ್ತ ಆನ್‌ಲೈನ್ ಕೋರ್ಸುಗಳ ಲೆಕ್ಕ ಕೊಟ್ಟಾಗ, 8,41,687 ನೋಂದಣಿಗಳಿಗೆ ದೊರೆತ ಪ್ರಮಾಣಪತ್ರಗಳು 43,196 ಮಾತ್ರ. ಒಂದೆರಡು ವಿಡಿಯೋ ನೋಡಿ ಹೋಗಲೆಂದೇ ಬಂದವರೂ ಅದರಲ್ಲಿದ್ದರು, ಅವರದು ಸೋಲಲ್ಲ. ನನ್ನ ಚಿಂತೆಯೆಲ್ಲ ಮುಗಿಸಲೇಬೇಕೆಂದು ಕುಳಿತು ನಡುವೆ ಕೈಬಿಟ್ಟವರದು.

ಬಿಸಿಎ ಓದುವ ಹುಡುಗಿಯೊಬ್ಬಳು ತನ್ನ ನೋಟ್‌ಬುಕ್ ತಂದು ತೋರಿಸಿದಳು. ರಿಕರ್ಷನ್ (ಒಂದು ಲೆಕ್ಕವನ್ನು ಅದರದೇ ಚಿಕ್ಕ ರೂಪದ ಮೂಲಕ ಬಿಡಿಸುವ ವಿಧಾನ) ಪಾಠದ ಪುಟದ ಅಂಚಿನಲ್ಲಿ, ವಿಡಿಯೋ ನಿಲ್ಲಿಸಿದ ನಿಮಿಷ, ಸೆಕೆಂಡುಗಳನ್ನು ಸಾಲಾಗಿ ಬರೆದುಕೊಂಡಿದ್ದಳು. ಒಂದೇ ಜಾಗ ಮತ್ತೆ ಮತ್ತೆ ಬಂದಿತ್ತು. "ತಿರುಗಿ ತಿರುಗಿ ನೋಡಿದೆ ಸರ, ತಲಿಗೆ ಹತ್ತವಲ್ದು" ಎಂದಳು. ಮೂರರ ಫ್ಯಾಕ್ಟೋರಿಯಲ್ ಅನ್ನು, ಅಂದರೆ 3×2×1 ಅನ್ನು, ಒಂದೊಂದೇ ಹೆಜ್ಜೆಯಾಗಿ ಕೆಳಗಿಳಿಸಿ ಬರೆದು, ಒಂದಕ್ಕೆ ಬಂದು ನಿಂತು, ಉತ್ತರಗಳನ್ನು ಅದೇ ದಾರಿಯಲ್ಲಿ ಮೇಲಕ್ಕೆ ತರುವಂತೆ ಹೇಳಿದೆ. ಅವಳು ತಪ್ಪುತ್ತಿದ್ದದ್ದು ಮೇಲೇರುವಲ್ಲಿ. ಅದನ್ನು ಕಾಣಲು ಅವಳ ಹಾಳೆಯನ್ನು ನೋಡುವ ಒಬ್ಬರು ಪಕ್ಕದಲ್ಲಿರಬೇಕಿತ್ತು. ಕೋರ್ಸಿನಲ್ಲಿ ಪ್ರಶ್ನೆ ಕೇಳುವ ವ್ಯವಸ್ಥೆ ಇದೆ, ಆದರೆ ಕನ್ನಡ ಮಾಧ್ಯಮದಿಂದ ಬಂದವಳು ಸಾವಿರಾರು ಜನರ ಮುಂದೆ ಇಂಗ್ಲಿಷಿನಲ್ಲಿ ಬರೆಯಲು ಅಂಜುತ್ತಾಳೆ.

ಕೃಷಿಯ ಕೆಲಸವೂ ಇದೇ ವೇಳೆಗೆ ಬರುತ್ತದೆ. ಎಂಟು ವಾರಗಳ ಕೋರ್ಸಿನಲ್ಲಿ ಉತ್ತಮ ಆರು ಅಸೈನ್‌ಮೆಂಟುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದರಿಂದ ಎರಡು ತಪ್ಪಿದರೂ ನಡೆಯುತ್ತದೆ. ಆದರೆ ಹೆಸರುಕಾಯಿ ಬಿಡಿಸಲು, ರಾಶಿ ಮಾಡಲು ಮನೆಯಲ್ಲಿ ಕೈ ಸಾಲದಿದ್ದಾಗ ಮೂರನೆಯದೂ ತಪ್ಪುತ್ತದೆ.

ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಓದಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರ ನಿಯಮದಲ್ಲಿ ಅವಕಾಶ ಕೊಟ್ಟಿದೆ. ಹಾಗೆ ಓದಿದ್ದನ್ನು ಪದವಿಯ ಲೆಕ್ಕಕ್ಕೆ ಸೇರಿಸಿ ಕ್ರೆಡಿಟ್ ಕೊಡುವ ಕಾಲೇಜುಗಳು, ಆ ಮಕ್ಕಳ ಜೊತೆ ಕೂರುವ ಅಧ್ಯಾಪಕರ ಗಂಟೆಗಳನ್ನೂ ಕಾರ್ಯಭಾರದಲ್ಲಿ ಸೇರಿಸಬೇಕು. ಹಿಂದಿನ ವರ್ಷ ಅದೇ ಕೋರ್ಸ್ ಮುಗಿಸಿದ ವಿದ್ಯಾರ್ಥಿಗಳನ್ನು ಹೊಸಬರ ಜೊತೆ ಕೂರಿಸಬೇಕು. ನಮ್ಮಲ್ಲಿ ಬರುವ ಜುಲೈಯಿಂದ ಶನಿವಾರ ಮಧ್ಯಾಹ್ನ ಲ್ಯಾಬ್ ತೆರೆದಿಡಲು ಪ್ರಾಂಶುಪಾಲರು ಒಪ್ಪಿದ್ದಾರೆ. ಬೇರೆ ಕಾಲೇಜಿನ ಮಕ್ಕಳೂ ನೋಟ್‌ಬುಕ್ ಹಿಡಿದು ಬರಬಹುದು.