ಎಲೆಯಚ್ಚಿನ ರೇಷ್ಮೆಗೆ ಕಬ್ಬಿಣ ಎಷ್ಟು?

ರೇಷ್ಮೆ ಬಟ್ಟೆಯ ಮೇಲೆ ಎಲೆ, ಹೂಗಳ ಅಚ್ಚು ಮೂಡಿಸುವುದು ನನ್ನ ವೃತ್ತಿ. ಈ ಕೆಲಸಕ್ಕಿಳಿದ ಮೊದಲ ದಿನಗಳಲ್ಲಿ ನಾನು ಮಾಡಿದ ಒಂದು ತಪ್ಪು ತಿಂಗಳುಗಟ್ಟಲೆ ಕಣ್ಣಿಗೇ ಬೀಳಲಿಲ್ಲವಾದ್ದರಿಂದ ಅದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನೀಲಗಿರಿ ಎಲೆ, ಬಣ್ಣ ಕಚ್ಚಿಸುವ ಯಾವ ಲವಣದ ನೆರವೂ ಇಲ್ಲದೆ ರೇಷ್ಮೆಗೆ ಕಾವಿ ಬಣ್ಣ ಬಿಡುತ್ತದೆ. ಚೆಂಡುಹೂವಿನ ಎಸಳು ಪಟಿಕ ಹಿಡಿದ ಬಟ್ಟೆಯ ಮೇಲೆ ಒಳ್ಳೆಯ ಹಳದಿ ಕೊಡುತ್ತದೆ. ಆದರೆ ಗುಲಾಬಿ ಎಲೆಯ ಹಲ್ಲಂಚೂ ನರಗಳೂ ಬೂದುಗಪ್ಪಾಗಿ ಮೂಡಬೇಕಾದರೆ ಎಲೆಯಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತು ಕಬ್ಬಿಣದೊಡನೆ ಕೂಡಬೇಕು. ಅದಕ್ಕೆ ಬೇಕಾದ ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣವನ್ನು ನಾನು ಕಣ್ಣಂದಾಜಿನಲ್ಲಿ ಹಾಕುತ್ತಿದ್ದೆ, ಅಚ್ಚು ಮಂಕಾದರೆ ಇನ್ನೊಂದು ಚಮಚ ಸೇರಿಸುತ್ತಿದ್ದೆ.

ಹಾಗೆ ಮಾಡಿದ ಆರು ಶಾಲುಗಳಲ್ಲಿ ಒಂದು, ಕೆಲವು ತಿಂಗಳ ನಂತರ ನನ್ನ ಬಳಿ ಮರಳಿ ಬಂತು. ಅದನ್ನು ಯಾರೂ ಎಳೆದು ಹರಿದಿರಲಿಲ್ಲ. ಅತ್ಯಂತ ಕಪ್ಪಾಗಿ ಮೂಡಿದ್ದ ಎಲೆಗಳ ಆಕಾರದಲ್ಲಿಯೇ ಬಟ್ಟೆ ಬಿರಿದಿತ್ತು, ಪಕ್ಕದ ಹಳದಿ ಭಾಗ ಮಾತ್ರ ಹೊಸದರಂತೆಯೇ ಇತ್ತು. ಹೆಚ್ಚಾಗಿ ಉಳಿದ ಕಬ್ಬಿಣವು ರೇಷ್ಮೆಯ ಪ್ರೋಟೀನು ಗಾಳಿಯೊಡನೆ ಉತ್ಕರ್ಷಣಗೊಳ್ಳುವುದನ್ನು ಚುರುಕುಗೊಳಿಸಿ ಎಳೆಯನ್ನು ಒಳಗಿನಿಂದಲೇ ಸವೆಸುತ್ತದೆ. ಹಳೆಯ ಕಾಲದ ಜವಳಿಗಳಲ್ಲಿಯೂ ಕಬ್ಬಿಣ ಹಾಕಿ ಕಪ್ಪು ಅಥವಾ ಕಂದು ಮಾಡಿದ ಎಳೆಗಳು ಮಿಕ್ಕ ಬಣ್ಣಗಳಿಗಿಂತ ಮೊದಲು ಪುಡಿಯಾಗಿರುವುದಕ್ಕೆ ಇದೇ ಕಾರಣ.

ಈಗ ಬಟ್ಟೆಯನ್ನು ನೀರಿಗೆ ಮುಟ್ಟಿಸುವ ಮೊದಲೇ, ಒಣಗಿರುವಾಗ ತೂಗುತ್ತೇನೆ. 100 ಗ್ರಾಂ ರೇಷ್ಮೆಗೆ 12 ಗ್ರಾಂ ಪಟಿಕ ಮತ್ತು 1 ಗ್ರಾಂ ಫೆರಸ್ ಸಲ್ಫೇಟ್ ನನ್ನ ಲೆಕ್ಕ. ಕಬ್ಬಿಣವನ್ನು 2 ಗ್ರಾಂ ದಾಟಿಸುವುದಿಲ್ಲ. ಪಟಿಕದ ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಇಡೀ ರಾತ್ರಿ ನೆನೆಯುತ್ತದೆ. ಕಬ್ಬಿಣದ ತಿಳಿನೀರಿಗೆ ಬಟ್ಟೆಯನ್ನಲ್ಲ, ಎಲೆಯನ್ನು ಅದ್ದಿ ಒರೆಸಿ ಇಡುತ್ತೇನೆ. ಅಚ್ಚು ಬೇಕಾದ ಜಾಗಕ್ಕಷ್ಟೇ ಅದು ತಲುಪಿದರೆ ಸಾಕು. ಕಬ್ಬಿಣದ ನೀರಿಗೆ ಬಳಸುವ ಪಾತ್ರೆ, ಕೋಲು, ಕೈಗವಸು ಎಲ್ಲವೂ ಬೇರೆಯೇ, ಏಕೆಂದರೆ ಅದರ ತುಸು ಸೋಂಕು ಕೂಡ ಮುಂದಿನ ಹಳದಿಯನ್ನು ಪಾಚಿಬಣ್ಣಕ್ಕೆ ತಿರುಗಿಸುತ್ತದೆ.

ಮಂಕು ಅಚ್ಚಿಗೆ ಕಬ್ಬಿಣದ ಕೊರತೆಯೇ ಕಾರಣವೆಂದು ನಾನು ನಂಬಿದ್ದೂ ತಪ್ಪಾಗಿತ್ತು. ಸೋಪಿನ ನೀರಿನಲ್ಲಿ ಕುದಿಸಿ ತೆಗೆಯಬೇಕಾದ, ಕಚ್ಚಾ ರೇಷ್ಮೆಯ ಸೆರಿಸಿನ್ ಎಂಬ ಅಂಟು ಕೆಲವು ಬಟ್ಟೆಗಳಲ್ಲಿ ಅರೆಬರೆ ಉಳಿದಿತ್ತು. ಅದಕ್ಕಿಂತ ಹೆಚ್ಚಾಗಿ, ಎಲೆಗಳನ್ನು ಹರಡಿ ಬಟ್ಟೆಯನ್ನು ಸುತ್ತಿದ ನನ್ನ ಸುರುಳಿಗಳು ಸಡಿಲವಾಗಿದ್ದವು. ಎಲೆಯ ಮೈ ಬಟ್ಟೆಗೆ ಒತ್ತಿ ಕೂರದಿದ್ದರೆ ಎಷ್ಟು ಲವಣ ಸುರಿದರೂ ಗೆರೆ ತೀಕ್ಷ್ಣವಾಗಿ ಬರುವುದಿಲ್ಲ. ಈಗ ದಾರವನ್ನು ಬೆರಳು ನೋಯುವಷ್ಟು ಬಿಗಿಯಾಗಿ ಸುತ್ತಿ, ಒಂದೂವರೆಯಿಂದ ಎರಡು ಗಂಟೆ ಹಬೆಯಲ್ಲಿಟ್ಟು, ಪೂರ್ತಿ ತಣ್ಣಗಾದ ಮೇಲೆಯೇ ಬಿಚ್ಚುತ್ತೇನೆ. ಮಂಕು ಅಚ್ಚುಗಳು ಈಗ ವಿರಳ.

ಉಳಿದ ಐದು ಶಾಲುಗಳು ಆಗ ಗಟ್ಟಿಯಾಗಿಯೇ ಕಾಣುತ್ತಿದ್ದವು. ಆದರೂ ಅವುಗಳನ್ನು ಹಿಂದಕ್ಕೆ ತರಿಸಿಕೊಂಡು, ತೂಗಿದ ಅಳತೆಯಲ್ಲಿ ಹೊಸದಾಗಿ ಮಾಡಿಕೊಟ್ಟೆ.